ಟೈರಿನ ಅಳತೆ, ಅಶ್ವಶಕ್ತಿ ಮತ್ತು ವಾಹನದ ಲೆಕ್ಕ

ರಾಯಚೂರು ಗಂಜ್‌ನ ಅಡತಿ ವ್ಯಾಪಾರಿಗಳು, ಅಕ್ಕಿ ಗಿರಣಿ ಹಾಗೂ ಜಿನ್ನಿಂಗ್ ಫ್ಯಾಕ್ಟರಿಗಳ ಮಾಲೀಕರು ಖರೀದಿ, ವಸೂಲಿಗಳ ನಿಮಿತ್ತ ಮಾನ್ವಿ, ದೇವದುರ್ಗಗಳ ಕಡೆಗೆ ಕಾರುಗಳನ್ನು ಕಳುಹಿಸುತ್ತಿರುತ್ತಾರೆ. ಹಳ್ಳಿಯ ರಸ್ತೆಯಲ್ಲಿ ತಳ ತಾಗದಿರಲೆಂದು ದೊಡ್ಡ ಟೈರು ಹಾಕಿಸುವುದೂ ಉಂಟು. ಅನಂತರ ಕೇಳಿಬರುವ ದೂರುಗಳು ಎರಡು: ಪಿಕಪ್ ಕುಗ್ಗಿತು, ಮೈಲೇಜು ಇಳಿಯಿತು. ಮೊದಲನೆಯದಕ್ಕೆ ಎಂಜಿನ್ನನ್ನೂ ಎರಡನೆಯದಕ್ಕೆ ಚಾಲಕನನ್ನೂ ಸಂಶಯಿಸಲಾಗುತ್ತದೆ. ಎರಡೂ ಸಂಶಯಗಳು ತಪ್ಪಾಗಿರುವ ಸಾಧ್ಯತೆ ಇದೆ.

ತಯಾರಕರು ಪ್ರಕಟಿಸುವ ಅಶ್ವಶಕ್ತಿಯನ್ನು ಎಂಜಿನ್ನಿನ ಮೇಲೆಯೇ ಅಳೆಯಲಾಗುತ್ತದೆ; ಅಲ್ಲಿ ಟೈರಿನ ಪಾತ್ರವಿಲ್ಲ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಅಳೆಯುವ ಡೈನಮೋಮೀಟರಿನಲ್ಲಿ ಮಾತ್ರ ಚಕ್ರದವರೆಗೆ ತಲುಪಿದ ಶಕ್ತಿ ದಾಖಲಾಗುತ್ತದೆ. ಶಕ್ತಿಯೆಂದರೆ ಎಳೆತ ಮತ್ತು ವೇಗಗಳ ಗುಣಲಬ್ಧ. ಟೈರು ದೊಡ್ಡದಾದಾಗ ಅದೇ ಗೇರಿನಲ್ಲಿ ಎಳೆತ ಕಡಿಮೆಯಾಗುತ್ತದೆ, ವೇಗ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಗುಣಲಬ್ಧ ಬದಲಾಗದು. ಪಿಕಪ್ ಕುಗ್ಗಿದಂತೆ ತೋರುವುದು ಎಳೆತ ತಗ್ಗಿದ್ದರಿಂದಲೇ ಹೊರತು ಎಂಜಿನ್ ಸೊರಗಿದ್ದರಿಂದಲ್ಲ.

ಆದರೂ ಪರೀಕ್ಷೆಯಲ್ಲಿ ಅಂಕಿ ತುಸು ಇಳಿಯಬಹುದು. ಭಾರವಾದ ಚಕ್ರದ ವೇಗವನ್ನು ಹೆಚ್ಚಿಸಲು ಶಕ್ತಿಯ ಒಂದು ಪಾಲು ವ್ಯಯವಾಗುತ್ತದೆ. ಭಾರವು ಅಚ್ಚಿನಿಂದ ದೂರವಿದ್ದಷ್ಟೂ ಈ ವ್ಯಯ ಅಧಿಕ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ರಬ್ಬರು ಬಾಗುವುದರಿಂದಲೂ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಆದ್ದರಿಂದ ಎರಡು ಪರೀಕ್ಷೆಗಳನ್ನು ಹೋಲಿಸುವಾಗ ಟೈರು, ಗಾಳಿಯ ಒತ್ತಡ ಮತ್ತು ಗೇರು ಒಂದೇ ಆಗಿರತಕ್ಕದ್ದು.

ಲೆಕ್ಕಪತ್ರದ ದೃಷ್ಟಿಯಿಂದ ಮುಖ್ಯವಾದುದು ಮೀಟರಿನ ವ್ಯತ್ಯಾಸ. 175/65 ಆರ್ 14 ಎಂಬ ಗುರುತಿನಲ್ಲಿ 175 ಮಿ.ಮೀ. ಅಗಲ, ಅದರ ಶೇ. 65 ಪಕ್ಕದ ಎತ್ತರ, 14 ಅಂಗುಲ ರಿಮ್ಮಿನ ವ್ಯಾಸ. ಇದರಂತೆ ಟೈರಿನ ಒಟ್ಟು ವ್ಯಾಸ 583.1 ಮಿ.ಮೀ. ಇದರ ಬದಲು 185/70 ಆರ್ 14 ಹಾಕಿದರೆ ವ್ಯಾಸ 614.6 ಮಿ.ಮೀ. ಆಗುತ್ತದೆ, ಅಂದರೆ ಶೇ. 5.4ರಷ್ಟು ಹೆಚ್ಚಳ. ಮೀಟರು ಚಕ್ರದ ಸುತ್ತುಗಳನ್ನು ಆಧರಿಸಿ ದೂರ ತೋರಿಸುವುದರಿಂದ, ಅದು 2,000 ಕಿ.ಮೀ. ತೋರಿಸಿದಾಗ ಕಾರು ನಿಜವಾಗಿ ಸುಮಾರು 2,108 ಕಿ.ಮೀ. ಕ್ರಮಿಸಿರುತ್ತದೆ.

ಉದಾಹರಣೆಗೆ, ಮೊದಲು ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದ ಕಾರು ಈಗ 125 ಲೀಟರ್ ಡೀಸೆಲ್ ಬಳಸಿ ಮೀಟರಿನಲ್ಲಿ 2,000 ಕಿ.ಮೀ. ತೋರಿಸಿದೆಯೆಂದು ಭಾವಿಸಬಹುದು. ಮೈಲೇಜು 16ಕ್ಕೆ ಇಳಿದಂತೆ ಕಾಣುತ್ತದೆ. ಪುಸ್ತಕದಲ್ಲಿ ಏಳು ಲೀಟರಿಗೂ ಅಧಿಕ ಡೀಸೆಲಿಗೆ ಲೆಕ್ಕ ಸಿಗದು. ಹಲವು ವರ್ಷ ನಂಬಿಕೆಯಿಂದ ದುಡಿದ ಚಾಲಕನ ಮೇಲೆ ಕಳವಿನ ಆರೋಪ ಬರುತ್ತದೆ. ನಿಜವಾದ ಮೈಲೇಜು ಮಾತ್ರ 16.86. ಇನ್ನು ಕಾರು ಬಾಡಿಗೆಯದಾಗಿದ್ದು, ಕಿ.ಮೀ.ಗೆ 12 ರೂ. ದರವಿದ್ದರೆ, ಕಾರಿನ ಮಾಲೀಕನಿಗೆ ಅದೇ ಓಟದಲ್ಲಿ 1,296 ರೂ. ನಷ್ಟ. ಟೈರು ಚಿಕ್ಕದಾಗಿದ್ದರೆ ನಷ್ಟ ಬಾಡಿಗೆ ಕೊಡುವವರದು.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ತಯಾರಕರು ಆಯಾ ಮಾದರಿಗೆ ಸೂಚಿಸಿರುವ ಅಳತೆಗಳಲ್ಲಿಯೇ ಟೈರು ಆರಿಸುವುದು ಕ್ಷೇಮಕರ.

ಟೈರು ಬದಲಾಯಿಸಿದ ದಿನಾಂಕ, ಹಳೆಯ ಮತ್ತು ಹೊಸ ಅಳತೆ, ಅಂದಿನ ಮೀಟರ್ ಅಂಕಿ — ಇವಿಷ್ಟನ್ನು ಲಾಗ್ ಪುಸ್ತಕದಲ್ಲಿ ನಮೂದಿಸತಕ್ಕದ್ದು. ಮಾನ್ವಿ ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತ ಇಪ್ಪತ್ತು ಕಿ.ಮೀ. ಓಡಿಸಿದರೆ ಮೀಟರಿನ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಚಾಲಕನಿಂದ ವಿವರಣೆ ಕೇಳುವ ಮೊದಲು ಈ ಪರೀಕ್ಷೆ ನಡೆಸುವುದು ವ್ಯವಹಾರಕ್ಕೂ ನ್ಯಾಯಕ್ಕೂ ಒಪ್ಪುವ ಕ್ರಮ.