ಮೂಗು ಬೇಡವೆಂದದ್ದು, ನಾಲಿಗೆ ಒಪ್ಪಿದ್ದು: ಲಿಂಬರ್ಗರ್ ಚೀಸ್ ಕಲಿಸಿದ ಪಾಠ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ‘ಮಾನವ ಕಲ್ಯಾಣದಲ್ಲಿ ಸೂಕ್ಷ್ಮಜೀವಿಗಳು’ ಎಂಬ ಅಧ್ಯಾಯವಿದೆ. ಅದರಲ್ಲಿ ಎರಡು ಚೀಸ್‌ಗಳ ಹೆಸರು ಬರುತ್ತದೆ. ಸ್ವಿಸ್ ಚೀಸ್‌ನಲ್ಲಿ ದೊಡ್ಡ ತೂತುಗಳಾಗಲು ಪ್ರೊಪಿಯೊನಿಬ್ಯಾಕ್ಟೀರಿಯಂ ಬಿಡುವ ಇಂಗಾಲದ ಡೈಆಕ್ಸೈಡ್ ಕಾರಣ. ರೊಕ್‌ಫೋರ್ಟ್ ಚೀಸ್ ಮಾಗಲು ಒಂದು ಶಿಲೀಂಧ್ರ ಕಾರಣ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಇದೇ ಕಾಲೇಜಿನ ಬೆಂಚಿನಲ್ಲಿ ಕುಳಿತು ನಾನೂ ಇಷ್ಟನ್ನೇ ಬಾಯಿಪಾಠ ಮಾಡಿದ್ದೆ. ಈಗ ಜರ್ಮನಿಯ ಆಖನ್ ನಗರದಲ್ಲಿ ಓದುತ್ತಿದ್ದೇನೆ. ಪುಸ್ತಕದಲ್ಲಿಲ್ಲದ ಮೂರನೆಯ ಬಗೆಯ ಚೀಸನ್ನು ಇಲ್ಲಿ ಮೊದಲ ಬಾರಿಗೆ ತಿಂದೆ. ನಾತಕ್ಕೇ ಹೆಸರಾದ ಲಿಂಬರ್ಗರ್ ಅದು. ಅದರಿಂದ ಜೀವಶಾಸ್ತ್ರ, ರಸಾಯನಶಾಸ್ತ್ರ ಎರಡೂ ಸ್ವಲ್ಪ ಹೆಚ್ಚು ಅರ್ಥವಾದವು. ಪಠ್ಯದಲ್ಲಿಲ್ಲದ ಇನ್ನೊಂದು ಸಂಗತಿಯೂ ತಿಳಿಯಿತು. ಅದನ್ನು ಹಂಚಿಕೊಳ್ಳಲು ಈ ಲೇಖನ.

ಮೊದಲು ಪದದ ಬಗ್ಗೆ ಒಂದು ಮಾತು. ಕೆಲವು ಕನ್ನಡ ಪುಸ್ತಕಗಳಲ್ಲಿ ಚೀಸ್‌ಗೆ ‘ಗಿಣ್ಣು’ ಎಂದು ಬರೆಯುತ್ತಾರೆ. ನಮ್ಮ ಮನೆಗಳಲ್ಲಿ ಗಿಣ್ಣು ಎಂದರೆ ಹಸು ಕರು ಹಾಕಿದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ತಿಂಡಿ. ಎರಡೂ ಬೇರೆ ಬೇರೆ. ಗೊಂದಲ ಬೇಡವೆಂದು ಇಲ್ಲಿ ಚೀಸ್ ಎಂದೇ ಬಳಸಿದ್ದೇನೆ.

ಎಲ್ಲಿಯದು ಈ ಚೀಸ್?

ಲಿಂಬರ್ಗ್ ಎಂಬುದು ಹಿಂದೆ ಒಂದು ಸಂಸ್ಥಾನವಾಗಿತ್ತು. ಇಂದು ಆ ನೆಲ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿಗಳಲ್ಲಿ ಹಂಚಿಹೋಗಿದೆ. ಆಖನ್ ನಗರ ಇರುವುದು ಈ ಮೂರು ದೇಶಗಳ ಗಡಿ ಸೇರುವ ಜಾಗದ ಪಕ್ಕದಲ್ಲೇ. ಲಿಂಬರ್ಗರ್ ಹುಟ್ಟಿದ್ದು ಬೆಲ್ಜಿಯಂ ಕಡೆಯ ಎರ್ವ್ ಎಂಬ ಹುಲ್ಲುಗಾವಲಿನ ಸೀಮೆಯಲ್ಲಿ. ಅಲ್ಲಿ ಇಂದಿಗೂ ಎರ್ವ್ ಹೆಸರಿನಲ್ಲೇ ಇದರ ಹತ್ತಿರದ ಸಂಬಂಧಿಯಾದ ಚೀಸ್ ತಯಾರಾಗುತ್ತದೆ. 19ನೇ ಶತಮಾನದಲ್ಲಿ ಈ ವಿದ್ಯೆ ದಕ್ಷಿಣ ಜರ್ಮನಿಯ ಆಲ್ಗೊಯ್ ಪ್ರದೇಶಕ್ಕೆ ಹೋಯಿತು. ಈಗ ಲಿಂಬರ್ಗರ್ ಹೆಚ್ಚಾಗಿ ತಯಾರಾಗುವುದು ಜರ್ಮನಿಯಲ್ಲಿ. ವಲಸೆಗಾರರ ಜೊತೆ ಅಮೆರಿಕಕ್ಕೂ ಹೋಯಿತು.

ನಾತ ಹುಟ್ಟುವ ಬಗೆ

ಮೊದಲ ಹಂತ ನಮಗೆ ಪರಿಚಿತ. ಹಾಲಿಗೆ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾ ಹಾಕುತ್ತಾರೆ. ನಾವು ಮೊಸರಿಗೆ ಹೆಪ್ಪು ಹಾಕುವ ಹಾಗೆ. ಜೊತೆಗೆ ರೆನ್ನೆಟ್ ಎಂಬ ಕಿಣ್ವವನ್ನು ಸೇರಿಸುತ್ತಾರೆ. ಹಾಲು ಗಟ್ಟಿಯಾಗುತ್ತದೆ. ಅದನ್ನು ಕತ್ತರಿಸಿ, ನೀರು ಬಸಿದು, ಅಚ್ಚಿನಲ್ಲಿಟ್ಟು, ಉಪ್ಪು ಹಾಕುತ್ತಾರೆ. ಈ ಹಂತದಲ್ಲಿ ಅದಕ್ಕೆ ಯಾವ ನಾತವೂ ಇಲ್ಲ.

ಎರಡನೆಯ ಹಂತದಲ್ಲಿ ಚೀಸ್ ಗಟ್ಟಿಗಳನ್ನು ತಂಪಾದ, ತೇವವಿರುವ ಕೋಣೆಯಲ್ಲಿಟ್ಟು ಆಗಾಗ ಉಪ್ಪುನೀರಿನಿಂದ ಒರೆಸುತ್ತಾರೆ. ಆಗ ಮೇಲ್ಮೈಯಲ್ಲಿ ಒಂದು ಸರದಿ ನಡೆಯುತ್ತದೆ. ಮೊದಲು ಯೀಸ್ಟ್‌ಗಳು ಬೆಳೆದು ಲ್ಯಾಕ್ಟಿಕ್ ಆಮ್ಲವನ್ನು ತಿಂದು ಮುಗಿಸುತ್ತವೆ. ಆಮ್ಲ ಕಡಿಮೆಯಾದಂತೆ ಪಿಎಚ್ ಏರುತ್ತದೆ. ಅಲ್ಲಿಯವರೆಗೆ ಆ ಆಮ್ಲದಲ್ಲಿ ಬದುಕಲಾರದೆ ಇದ್ದ ಬ್ರೆವಿಬ್ಯಾಕ್ಟೀರಿಯಂ ಲಿನೆನ್ಸ್ ಎಂಬ ಬ್ಯಾಕ್ಟೀರಿಯಾ ಈಗ ಬೆಳೆಯಲು ಶುರುಮಾಡುತ್ತದೆ. ಅದಕ್ಕೆ ಉಪ್ಪಿನ ಭಯವಿಲ್ಲ. ಚೀಸ್‌ನ ಸಿಪ್ಪೆಗೆ ಕಿತ್ತಳೆ ಬಣ್ಣ ಬರುವುದರಲ್ಲಿ ಅದರ ಪಾಲು ದೊಡ್ಡದು. ಪರಿಸರ ವಿಜ್ಞಾನದಲ್ಲಿ ಓದುವ ‘ಅನುಕ್ರಮಣ’ವನ್ನು ನೆನಪಿಸಿಕೊಳ್ಳಿ. ಬರಿಯ ಬಂಡೆಯ ಮೇಲೆ ಮೊದಲು ಕಲ್ಲುಹೂವು, ಆಮೇಲೆ ಪಾಚಿ ಬರುವಂತೆಯೇ ಇಲ್ಲೂ ಒಂದು ಜೀವಿ ಇನ್ನೊಂದಕ್ಕೆ ನೆಲ ಹದಮಾಡುತ್ತದೆ.

ಈ ಬ್ಯಾಕ್ಟೀರಿಯಾ ಪ್ರೋಟೀನನ್ನು ಒಡೆಯುತ್ತದೆ. ಮಿಥಿಯೋನಿನ್ ಎಂಬ ಅಮೈನೋ ಆಮ್ಲದಿಂದ ಮೀಥೇನ್‌ಥಯಾಲ್ ಎಂಬ ಗಂಧಕದ ಸಂಯುಕ್ತ ಬರುತ್ತದೆ. ನಮ್ಮ ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲೆಂದು ಸಿಲಿಂಡರಿಗೆ ಸೇರಿಸುವ ಈಥೇನ್‌ಥಯಾಲ್ ಇದರದೇ ಒಡಹುಟ್ಟು. ಇಂಥವು ತೀರಾ ಅಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುತ್ತವೆ. ಚೀಸ್ ಮಾಗುವಾಗ ಲ್ಯೂಸಿನ್‌ನಿಂದ ಐಸೊವಲೆರಿಕ್ ಆಮ್ಲವೂ ಹುಟ್ಟುತ್ತದೆ. ದಿನವಿಡೀ ಶೂ ಹಾಕಿ ತೆಗೆದ ಕಾಲುಚೀಲದ ವಾಸನೆ ಇದೇ ಆಮ್ಲದ್ದು. ಇದು ಕಾಕತಾಳೀಯವಲ್ಲ. ಬ್ರೆವಿಬ್ಯಾಕ್ಟೀರಿಯಂ ಕುಲದ ಬ್ಯಾಕ್ಟೀರಿಯಾಗಳು ಮನುಷ್ಯನ ಕಾಲ್ಬೆರಳ ಸಂದಿಯಲ್ಲೂ ವಾಸಿಸುತ್ತವೆ.

ಈ ಹೋಲಿಕೆಯಿಂದ ವಿಜ್ಞಾನಕ್ಕೆ ಉಪಯೋಗವೂ ಆಯಿತು. ಆಫ್ರಿಕಾದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆ ಹೆಚ್ಚಾಗಿ ಕಾಲನ್ನೇ ಹುಡುಕಿ ಕಚ್ಚುತ್ತದೆ. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿ ಬಾರ್ಟ್ ನಾಲ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ, ಲಿಂಬರ್ಗರ್ ಚೀಸ್‌ನ ವಾಸನೆಗೂ ಆ ಸೊಳ್ಳೆ ಬರುತ್ತದೆ ಎಂದು ತೋರಿಸಿದರು. ಮೊದಲು ನಗಿಸಿ ನಂತರ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2006ರಲ್ಲಿ ಈ ಕೆಲಸಕ್ಕೆ ಬಂತು. ಮಲೇರಿಯಾ ಕಂಡಿರುವ ನಮ್ಮ ಕರಾವಳಿಯವರಿಗೆ ಇದು ಬರೀ ತಮಾಷೆಯಲ್ಲ. ಸೊಳ್ಳೆಯನ್ನು ವಾಸನೆಯಿಂದಲೇ ಸೆಳೆದು ಬಲೆಗೆ ಬೀಳಿಸುವ ವಿಚಾರ ಇದರಲ್ಲಿದೆ.

ತಿನ್ನುವ ಮೊದಲು ಕೇಳಬೇಕಾದ ಪ್ರಶ್ನೆ

ನಮ್ಮ ಫ್ಲ್ಯಾಟ್‌ನಲ್ಲಿ ಜೊತೆಗಿರುವ ಜರ್ಮನ್ ಗೆಳೆಯ ಫ್ರಿಜ್‌ನಲ್ಲಿ ಲಿಂಬರ್ಗರ್ ಇಟ್ಟಿದ್ದ. ಬಾಗಿಲು ತೆರೆದರೆ ಅಡುಗೆಮನೆಯೆಲ್ಲ ಅದೇ ವಾಸನೆ. “ರುಚಿ ನೋಡುತ್ತೀಯಾ?” ಎಂದ. ನಾನು ಮೊದಲು ಪೊಟ್ಟಣ ಕೇಳಿ ಪಡೆದು ಓದಿದೆ. ಅವನು ಬೇಸರಿಸಿಕೊಳ್ಳಲಿಲ್ಲ, ಸಣ್ಣ ಅಕ್ಷರದ ಜರ್ಮನ್ ಪದಗಳನ್ನು ತಾನೇ ಬಿಡಿಸಿ ಹೇಳಿದ.

ಚೀಸ್ ವಿಷಯದಲ್ಲಿ ನಾವು ನೋಡಬೇಕಾದ್ದು ಎರಡು. ಒಂದು, ರೆನ್ನೆಟ್ ಯಾವುದರದ್ದು? ಹಳೆಯ ಪದ್ಧತಿಯಲ್ಲಿ ಅದನ್ನು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಇಸ್ಲಾಮೀ ವಿಧಿಯಂತೆ ಝಬಹ್ ಮಾಡದ ಕರುವಿನ ರೆನ್ನೆಟ್ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಇಂದು ಶಿಲೀಂಧ್ರದಿಂದ ಪಡೆದ ಕಿಣ್ವ ಬಹಳ ಬಳಕೆಯಲ್ಲಿದೆ. ಕರುವಿನ ಜೀನನ್ನು ಸೂಕ್ಷ್ಮಜೀವಿಗೆ ಸೇರಿಸಿ ತಯಾರಿಸುವ ಕೈಮೋಸಿನ್‌ಗೆ ಅಮೆರಿಕ 1990ರಲ್ಲಿ ಒಪ್ಪಿಗೆ ಕೊಟ್ಟಿತು. ನಿಮ್ಮ ಜೈವಿಕ ತಂತ್ರಜ್ಞಾನದ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ. ಎರಡನೆಯದು, ಸಿಪ್ಪೆಯನ್ನು ಯಾವುದರಿಂದ ತೊಳೆದಿದ್ದಾರೆ? ಫ್ರಾನ್ಸಿನ ಎಪ್ವಾಸ್ ಎಂಬ ಚೀಸನ್ನು ದ್ರಾಕ್ಷಿಯ ಮದ್ಯದಿಂದ ತೊಳೆದು ಮಾಗಿಸುತ್ತಾರೆ. ಅದು ನಮಗೆ ಬೇಡ. ಲಿಂಬರ್ಗರ್‌ಗೆ ಬಳಸುವುದು ಉಪ್ಪುನೀರು.

ಗೆಳೆಯನ ಪೊಟ್ಟಣದ ಮೇಲೆ ಹಾಲು, ಉಪ್ಪು, ಬ್ಯಾಕ್ಟೀರಿಯಾ, ಸೂಕ್ಷ್ಮಜೀವಿ ಮೂಲದ ರೆನ್ನೆಟ್ ಎಂದಿತ್ತು. ಅಷ್ಟು ಓದಿಯೇ ಬಿಸ್ಮಿಲ್ಲಾ ಹೇಳಿದೆ.

ತಿಂದಾಗ ಕಂಡದ್ದು

ಅವನು ಕಪ್ಪು ರೈ ಬ್ರೆಡ್ಡಿನ ಮೇಲೆ ಒಂದು ಹೋಳು ಚೀಸ್, ಅದರ ಮೇಲೆ ಹಸಿ ಈರುಳ್ಳಿ ಇಟ್ಟುಕೊಟ್ಟ. ಮೂಗಿನ ಹತ್ತಿರ ಬಂದಾಗ ಫುಟ್‌ಬಾಲ್ ಆಡಿ ಬಂದ ಹುಡುಗರೆಲ್ಲ ಒಂದೇ ಕೋಣೆಯಲ್ಲಿ ಶೂ ಬಿಚ್ಚಿದಂತೆ ಅನಿಸಿತು. ಕೈ ಅರ್ಧದಲ್ಲೇ ನಿಂತಿತು. ಬಾಯಿಗಿಟ್ಟ ಮೇಲೆ ಮಾತ್ರ ಆಶ್ಚರ್ಯ. ಬೆಣ್ಣೆಯಂಥ ಮೃದು, ಹದವಾದ ಉಪ್ಪು, ಅಣಬೆಯ ರುಚಿ, ಕೊನೆಯಲ್ಲಿ ಸಣ್ಣ ಕಹಿ. ಆ ನಾತ ಎಲ್ಲಿ ಹೋಯಿತು ಎಂದು ಹುಡುಕುವಂತಾಯಿತು. ಸಿಪ್ಪೆಯ ಭಾಗ ನನಗೆ ಹಿಡಿಸಲಿಲ್ಲ, ಬಿಟ್ಟೆ. ಒಳಗಿನದನ್ನು ಮುಗಿಸಿ ಇನ್ನೊಂದು ಹೋಳು ಕೇಳಿದೆ.

ಮೂಗಿಗೂ ನಾಲಿಗೆಗೂ ಇಷ್ಟು ಜಗಳ ಏಕೆ? ವಾಸನೆಗೆ ಎರಡು ದಾರಿಗಳಿವೆ. ಒಂದು, ಮೂಗಿನ ಹೊಳ್ಳೆಯಿಂದ ಒಳಗೆ. ಇನ್ನೊಂದು, ಅಗಿಯುವಾಗ ಬಾಯಿಯ ಹಿಂಭಾಗದಿಂದ ಮೂಗಿನ ಕಡೆಗೆ ಮೇಲೆ. ಎರಡೂ ಸೇರುವುದು ಅದೇ ಗ್ರಾಹಕ ಕೋಶಗಳನ್ನು. ಆದರೆ ಮಿದುಳು ಮೊದಲನೆಯದನ್ನು ‘ಹೊರಗಿನ ವಸ್ತುವಿನ ವಾಸನೆ’ ಎಂದೂ ಎರಡನೆಯದನ್ನು ‘ಬಾಯಲ್ಲಿರುವುದರ ರುಚಿ’ ಎಂದೂ ಓದುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ 1982ರಲ್ಲಿ ಈ ಎರಡು ದಾರಿಗಳ ಬಗ್ಗೆ ಬರೆದ ಲೇಖನ ಪ್ರಸಿದ್ಧ. ಎರಡನೆಯ ದಾರಿಯಲ್ಲಿ ಉಪ್ಪು, ಕೊಬ್ಬು, ಮೃದುತ್ವ ಎಲ್ಲ ಜೊತೆಗೂಡುತ್ತವೆ. ಅದೇ ಅಣುಗಳು ಹೊಸ ಅರ್ಥ ಪಡೆಯುತ್ತವೆ.

ಹೆಸರು ಬದಲಾದರೆ ವಾಸನೆಯೂ ಬದಲು

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ರೇಚಲ್ ಹರ್ಜ್ ಮತ್ತು ಸಹ ಸಂಶೋಧಕಿ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಐಸೊವಲೆರಿಕ್ ಮತ್ತು ಬ್ಯೂಟಿರಿಕ್ ಆಮ್ಲಗಳ ಒಂದೇ ಮಿಶ್ರಣವನ್ನು ಜನರಿಗೆ ಮೂಸಲು ಕೊಟ್ಟರು. ಒಮ್ಮೆ ಅದನ್ನು ಪರ್ಮೇಸಾನ್ ಚೀಸ್ ಎಂದರು, ಇನ್ನೊಮ್ಮೆ ವಾಂತಿ ಎಂದರು. ಚೀಸ್ ಎಂದಾಗ ಹಿತವಾದದ್ದು ವಾಂತಿ ಎಂದಾಗ ಅಸಹ್ಯವಾಯಿತು. ಸೀಸೆಯೊಳಗಿನ ಅಣುಗಳು ಬದಲಾಗಿರಲಿಲ್ಲ.

ನಮ್ಮದೇ ಉದಾಹರಣೆ ಬೇಕೇ? ಸಾರಿನ ಒಗ್ಗರಣೆಗೆ ಹಾಕುವ ಇಂಗು. ಅದರ ಕಟು ವಾಸನೆಯೂ ಗಂಧಕದ ಸಂಯುಕ್ತಗಳದ್ದೇ. ನಮಗೆ ಅದು ಘಮ. ಜರ್ಮನ್ ಭಾಷೆಯಲ್ಲಿ ಇಂಗಿಗೆ ‘ಟೊಯ್‌ಫೆಲ್ಸ್‌ಡ್ರೆಕ್’ ಎನ್ನುತ್ತಾರೆ. ಅರ್ಥ: ಸೈತಾನನ ಹೊಲಸು! ಲಿಂಬರ್ಗರನ್ನು ಆಸೆಪಟ್ಟು ತಿನ್ನುವ ನಾಡು ನಮ್ಮ ಇಂಗಿಗೆ ಕೊಟ್ಟ ಹೆಸರಿದು.

ನನ್ನ ಅಮ್ಮ ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿಯ ಡಬ್ಬಿ ತೆರೆದಾಗ ಅದೇ ಗೆಳೆಯ ಕಿಟಕಿ ತೆರೆಯಲು ಓಡಿದ್ದ. ಮೀನಿನ ವಾಸನೆಗೆ ಅಮೈನ್‌ಗಳು ಕಾರಣವೆಂದು ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಹುಣಸೆಹುಳಿಯ ಆಮ್ಲ ಅಮೈನನ್ನು ಲವಣವಾಗಿಸುತ್ತದೆ. ಲವಣ ಗಾಳಿಗೆ ಹಾರುವುದಿಲ್ಲ. ಅಜ್ಜಿಯರು ಮೀನಿಗೆ ಹುಳಿ ಹಾಕುವುದರಲ್ಲಿ ಈ ರಸಾಯನಶಾಸ್ತ್ರ ಇದೆ. ಇದನ್ನು ವಿವರಿಸಿದೆ. ಅವನು ಬೆರಳ ತುದಿಯಷ್ಟು ಚಟ್ನಿ ಅನ್ನಕ್ಕೆ ಕಲಸಿ ತಿಂದ. ಇಷ್ಟವಾಗಲಿಲ್ಲ ಎಂದ. ಆದರೆ ಡಬ್ಬಿಯನ್ನು ಹೊರಗಿಡು ಎಂದು ಹೇಳಲಿಲ್ಲ.

ತಿನ್ನದಿರಬಹುದು, ಹೀಗಳೆಯಬಾರದು

ಅಸಹ್ಯಕ್ಕೆ ಅದರದೇ ಕೆಲಸವಿದೆ. ಹಳಸಿದ ಅನ್ನ, ಕೆಟ್ಟ ಮಾಂಸದಿಂದ ಅದು ನಮ್ಮನ್ನು ಕಾಪಾಡುತ್ತದೆ. ಹಾಗೆಂದು ನಾತವೇ ಕೆಡುಕಿನ ಗುರುತಲ್ಲ, ಸುವಾಸನೆಯೇ ಕ್ಷೇಮದ ಗುರುತೂ ಅಲ್ಲ. ಲಿಸ್ಟೀರಿಯಾ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಇದ್ದರೂ ಚೀಸ್‌ನ ವಾಸನೆಯಲ್ಲಿ ಗೊತ್ತಾಗುವುದಿಲ್ಲ. ಕಾಯಿಸದ ಹಾಲಿನ ಮೃದು ಚೀಸ್ ಗರ್ಭಿಣಿಯರಿಗೆ ಬೇಡ ಎನ್ನುವುದು ಅದಕ್ಕೇ. ಕೆಟ್ಟದ್ದನ್ನು ಗುರುತಿಸುವ ಈ ಶಕ್ತಿ ಅಪರಿಚಿತವಾದುದರ ಮೇಲೂ ತಿರುಗುತ್ತದೆ. ಅಲ್ಲಿಂದ ಅದನ್ನು ತಿನ್ನುವ ಮನುಷ್ಯನ ಮೇಲೆ ತಿರುಗಲು ಹೆಚ್ಚು ಹೊತ್ತು ಬೇಡ. ಹಾಸ್ಟೆಲ್‌ನಲ್ಲಿ ಬುತ್ತಿ ಮುಚ್ಚಿಟ್ಟುಕೊಂಡು ತಿನ್ನುವ ಹುಡುಗ, ಅಡುಗೆಯ ವಾಸನೆಯ ಕಾರಣಕ್ಕೆ ಬಾಡಿಗೆ ಮನೆ ಸಿಗದ ಕುಟುಂಬ ನಮಗೆ ಹೊಸಬರಲ್ಲ. ನಮ್ಮಲ್ಲಿ ಕೆಲವರು ಅದನ್ನು ಅನುಭವಿಸಿದ್ದೇವೆ. ಆದ್ದರಿಂದಲೇ ಇನ್ನೊಬ್ಬರ ಬುತ್ತಿಯ ಮುಂದೆ ಮೂಗು ಮುಚ್ಚುವ ಮೊದಲು ನಾವು ಹೆಚ್ಚು ಯೋಚಿಸಬೇಕು.

ಪ್ರವಾದಿ ಮುಹಮ್ಮದ್(ಸ) ಅವರ ಜೀವನದಲ್ಲಿ ಇದಕ್ಕೊಂದು ಮಾದರಿ ಇದೆ. ಮರುಭೂಮಿಯಲ್ಲಿ ಸಿಗುವ, ಉಡವನ್ನು ಹೋಲುವ ಪ್ರಾಣಿಯ ಮಾಂಸವನ್ನು ಒಮ್ಮೆ ಅವರ ಮುಂದಿಟ್ಟರು. ಅವರು ಕೈ ಹಿಂದೆ ತೆಗೆದರು. ಇದು ನಿಷಿದ್ಧವೇ ಎಂದು ಕೇಳಿದಾಗ, ಅಲ್ಲ, ತಮ್ಮ ಜನರ ನಾಡಿನಲ್ಲಿ ಇದು ಇರಲಿಲ್ಲವಾದ್ದರಿಂದ ತಮಗೆ ಮನಸ್ಸಾಗುತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಅವರ ಎದುರಲ್ಲೇ ಖಾಲಿದ್ ಬಿನ್ ವಲೀದ್(ರ) ಅದನ್ನು ತಿಂದರು. ತಮಗೆ ಒಗ್ಗದ್ದನ್ನು ಒಗ್ಗದು ಎಂದು ಹೇಳಿ, ಒಗ್ಗುವವರಿಗೆ ಅಡ್ಡಿಯಾಗದ ಈ ನಡತೆಯಲ್ಲಿ ನಮಗೆ ಬೇಕಾದ ಪಾಠವೆಲ್ಲ ಇದೆ.

ಮಾಡಿ ನೋಡಿ

ಮೂಗನ್ನು ಬೆರಳಿನಿಂದ ಬಿಗಿಯಾಗಿ ಹಿಡಿದು ಒಂದು ಏಲಕ್ಕಿಯನ್ನು ಬೆಲ್ಲದ ಜೊತೆ ಅಗಿಯಿರಿ. ಬೆಲ್ಲದ ಸಿಹಿ ತಿಳಿಯುತ್ತದೆ, ಏಲಕ್ಕಿಯ ಪರಿಮಳ ತಿಳಿಯುವುದಿಲ್ಲ. ಈಗ ಮೂಗು ಬಿಡಿ. ಪರಿಮಳ ತಟ್ಟನೆ ಬಾಯಲ್ಲೇ ಬಂದಂತಾಗುತ್ತದೆ. ಅದು ವಾಸನೆಯ ಎರಡನೆಯ ದಾರಿ.

ಯೋಚಿಸಿ ಉತ್ತರಿಸಿ

1. ಹೊಸದಾಗಿ ಮಾಡಿದ ಚೀಸ್‌ನ ಮೇಲೆ ಬ್ರೆವಿಬ್ಯಾಕ್ಟೀರಿಯಂ ಲಿನೆನ್ಸ್ ಮೊದಲ ದಿನವೇ ಏಕೆ ಬೆಳೆಯುವುದಿಲ್ಲ?

2. ಹುಣಸೆಹುಳಿ ಮೀನಿನ ವಾಸನೆಯನ್ನು ತಗ್ಗಿಸುತ್ತದೆ. ಅದೇ ಹುಳಿ ಐಸೊವಲೆರಿಕ್ ಆಮ್ಲದ ವಾಸನೆಯನ್ನು ತಗ್ಗಿಸಬಲ್ಲದೇ? ಕಾರಣ ಕೊಡಿ.

3. ನಿಮ್ಮ ಮನೆಯಲ್ಲಿ ಎಲ್ಲರೂ ಇಷ್ಟಪಟ್ಟು ತಿನ್ನುವ, ಹೊರಗಿನವರು ಮೂಗು ಮುಚ್ಚುವ ಒಂದು ಪದಾರ್ಥವನ್ನು ಹೆಸರಿಸಿ. ಅದರ ವಾಸನೆಗೆ ಕಾರಣವಾದ ಸಂಯುಕ್ತ ಯಾವುದೆಂದು ನಿಮ್ಮ ಉಪನ್ಯಾಸಕರನ್ನು ಕೇಳಿ ತಿಳಿಯಿರಿ.