ಹೆಪ್ಪು ಮತ್ತು ಬಿರಡೆ: ರಕ್ತನಾಳದ ತಡೆಯನ್ನು ಹೆಸರಿಸುವ ಪದಗಳ ಪರಿಶೀಲನೆ

ಪಾರಿಭಾಷಿಕ ಪದಗಳನ್ನು ಕನ್ನಡಕ್ಕೆ ತರುವಾಗ ಅರ್ಥದಷ್ಟೇ ಆ ಪದದ ಹಿಂದಿರುವ ಕಲ್ಪನೆಯೂ ಮುಖ್ಯ. ರಕ್ತನಾಳದ ತಡೆಯನ್ನು ಸೂಚಿಸುವ 'ಥ್ರಾಂಬೋಸಿಸ್' ಮತ್ತು 'ಎಂಬಾಲಿಸಮ್' ಪದಗಳು ಇದಕ್ಕೆ ನಿದರ್ಶನ. ಕನ್ನಡದ ಆಡುಬಳಕೆಯಲ್ಲಿ ಇವೆರಡಕ್ಕೂ ಸಾಮಾನ್ಯವಾಗಿ 'ರಕ್ತ ಹೆಪ್ಪುಗಟ್ಟುವುದು' ಎಂಬ ಒಂದೇ ಮಾತು ಸಲ್ಲುತ್ತದೆ.

ಇವುಗಳ ಸಂಬಂಧವನ್ನು 19ನೆಯ ಶತಮಾನದ ನಡುಭಾಗದಲ್ಲಿ ಸ್ಪಷ್ಟಪಡಿಸಿದವನು ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ. ರಕ್ತವು ನಾಳದೊಳಗೆ ಇದ್ದೆಡೆಯಲ್ಲೇ ಗಟ್ಟಿಯಾಗುವುದು ಥ್ರಾಂಬೋಸಿಸ್. ಬೇರೆಡೆಯಿಂದ ಹರಿದುಬಂದ ವಸ್ತು ಕಿರಿದಾದ ನಾಳದಲ್ಲಿ ಸಿಕ್ಕಿಕೊಳ್ಳುವುದು ಎಂಬಾಲಿಸಮ್. ಗ್ರೀಕಿನ 'ಥ್ರಾಂಬೋಸ್' ಎಂದರೆ ಗರಣೆ, ಉಂಡೆ. ಲ್ಯಾಟಿನ್ನಿನ 'ಕೊಆಗುಲುಮ್' ಎಂದರೆ ಹಾಲನ್ನು ಗಟ್ಟಿಯಾಗಿಸುವ ಹೆಪ್ಪು. ರಕ್ತದ ಗರಣೆಗೆ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿರುವ ಪದಗಳೂ ಹಾಲು ಗಟ್ಟಿಯಾಗುವುದನ್ನು ಹೇಳುವ ಕ್ರಿಯಾಪದಗಳಿಂದಲೇ ಹುಟ್ಟಿವೆ. ಕನ್ನಡದ 'ಹೆಪ್ಪು' ಕೂಡ ಇದೇ ಅಡುಗೆಮನೆಯ ಕಲ್ಪನೆ.

'ಎಂಬಾಲಿಸಮ್' ಪದದ ದಾರಿ ಬೇರೆ. ಗ್ರೀಕಿನ 'ಎಂಬೊಲೊಸ್' ಎಂದರೆ ಒಳಕ್ಕೆ ತೂರಿಸಿದ್ದು, ಬೆಣೆ, ಬಿರಡೆ. ಅಲ್ಪಸ್ವಲ್ಪ ರೂಪಭೇದದೊಡನೆ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳು ಇದೇ ಮೂಲದ ಪದವನ್ನು ಬಳಸುತ್ತವೆ. ಇಂಗ್ಲಿಷಿನಲ್ಲಿ ಈ ಪದಕ್ಕೆ ವೈದ್ಯಕೀಯ ಅರ್ಥ ಬರುವ ಮೊದಲು ಪಂಚಾಂಗದ ಅರ್ಥವಿತ್ತು: ಅಧಿಕಮಾಸದಂತೆ ಕಾಲಗಣನೆಯ ನಡುವೆ ಹೆಚ್ಚಿನ ಅವಧಿಯನ್ನು ಸೇರಿಸುವುದು. ನಡುವೆ ಬಂದು ಸೇರುವುದೇ ಎರಡು ಅರ್ಥಗಳಿಗೂ ಸಮಾನವಾದ ಅಂಶ. ಹಾಗೆ ಸೇರುವ ವಸ್ತು ರಕ್ತವೇ ಆಗಬೇಕಿಲ್ಲ. ತೊಡೆಯ ಮೂಳೆ ಮುರಿದಾಗ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ ನಾಳವನ್ನು ಮುಚ್ಚಬಹುದು; ಗಾಳಿಯ ಗುಳ್ಳೆಯೂ ಮುಚ್ಚಬಹುದು. ಇವನ್ನು 'ಹೆಪ್ಪು' ಎನ್ನಲಾಗದು.

ಈ ಭೇದವನ್ನು ವಿವರಿಸಲು ಹಂಪಿ, ಹೊಸಪೇಟೆ, ಕಂಪ್ಲಿ ಪರಿಸರದ ವಿಜಯನಗರ ಕಾಲದ ಕಾಲುವೆಗಳೇ ಸಾಕು. ಕಾಲುವೆಯಲ್ಲಿ ಹೂಳು ನಿಂತಲ್ಲೇ ತುಂಬುವುದು ಒಂದು ಬಗೆ. ಮೇಲಿನಿಂದ ತೇಲಿಬಂದ ಕೊರಡು ಕೆಳಗಿನ ತೂಬಿನ ಬಾಯಿಗೆ ಸಿಕ್ಕಿಕೊಳ್ಳುವುದು ಇನ್ನೊಂದು ಬಗೆ. ಸಂಡೂರಿನ ಗಣಿಕಾರ್ಮಿಕನಿಗಾಗಲಿ ಕಂಪ್ಲಿಯ ರೈತನಿಗಾಗಲಿ ಈ ಹೋಲಿಕೆ ಅಪರಿಚಿತವಲ್ಲ.

ಪದಭೇದದ ಪ್ರಶ್ನೆ ಕೇವಲ ನಿಘಂಟಿನದಲ್ಲ. 'ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ' ಎಂದಷ್ಟೇ ಕೇಳಿದ ರೋಗಿಗೆ ಅದು ಕಾಲಿನದೇ ಕಾಯಿಲೆಯಾಗಿ ತೋರುತ್ತದೆ. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಬಹುದು. ಹಠಾತ್ತನೆ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು ಎಂಬ ಎಚ್ಚರಿಕೆ ಆ ಮಾತಿನಲ್ಲಿಲ್ಲ. ಆದ್ದರಿಂದ ಮೊದಲನೆಯದಕ್ಕೆ 'ನಾಳಹೆಪ್ಪು', ಎರಡನೆಯದಕ್ಕೆ 'ನಾಳಬಿರಡೆ' ಎಂಬ ರೂಪಗಳು ಪರಿಶೀಲನಾರ್ಹವಾಗಿವೆ. ಎರಡು ಅಪಾಯಗಳಿಗೆ ಎರಡು ಹೆಸರುಗಳಿದ್ದಾಗ ಮಾತ್ರ ರೋಗಿಯು ಅವನ್ನು ಬೇರೆಬೇರೆಯಾಗಿ ಗುರುತಿಸಬಲ್ಲನು.