ಗದಗ ಜಿಲ್ಲೆಯ ಆರೋಗ್ಯ: ನೀರು, ದೂರ, ಯೋಜನೆ

ಗದಗ ಜಿಲ್ಲೆಯ ಸಾರ್ವಜನಿಕ ಆರೋಗ್ಯದ ಚರ್ಚೆ ಆಸ್ಪತ್ರೆಯಿಂದಲ್ಲ, ಕುಡಿಯುವ ನೀರಿನಿಂದ ಶುರುವಾಗಬೇಕು. ಮುಂಡರಗಿ, ಶಿರಹಟ್ಟಿ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಹೀಗೆ ಬಾಗಿದ ಬೆನ್ನನ್ನು ಸರಿಪಡಿಸುವ ಔಷಧವಿಲ್ಲ. ನೀರು ಕುದಿಸಿದರೂ ಫ್ಲೋರೈಡ್ ಹೋಗದು, ಸಾಂದ್ರತೆ ಏರುತ್ತದೆ. ಆದ್ದರಿಂದ ಶುದ್ಧ ನೀರಿನ ಘಟಕ ಮತ್ತು ತುಂಗಭದ್ರೆಯ ನದಿ ನೀರೇ ಇಲ್ಲಿನ ನಿಜವಾದ ಚಿಕಿತ್ಸೆ. ಫ್ಲೋರೈಡಿನಿಂದ ಬರುವ ಈ ಕಾಯಿಲೆಯ, ಅಂದರೆ ಫ್ಲೋರೋಸಿಸ್‌ನ, ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 2008-09ರಲ್ಲಿ.

ಇನ್ನು ದೂರ. ಬಯಲು ಪ್ರದೇಶದಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000ಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000ಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ಜನಸಂಖ್ಯೆಯನ್ನಷ್ಟೇ ಎಣಿಸುವ ಈ ಲೆಕ್ಕಕ್ಕೆ ಲಕ್ಷ್ಮೇಶ್ವರದ ಹಳ್ಳಿಯ ಗರ್ಭಿಣಿ ಕಾಯುವ ಬಸ್ಸು ಕಾಣುವುದಿಲ್ಲ. ಇದು ದೊಡ್ಡ ಕೊರತೆ. ದೂರದ ಈ ಕೊರತೆ ತುಂಬಬಲ್ಲ 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. 1997ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು (ಜಿಮ್ಸ್) ಬಂದದ್ದು 2015ರಲ್ಲಿ.

ಯೋಜನೆಗಳು: 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟು ನೆರವು, ಮಿತಿ ವರ್ಷಕ್ಕೆ 1.5 ಲಕ್ಷ ರೂಪಾಯಿ. ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಬಂತು.

ಈ ಎಲ್ಲದರ ಹೊಣೆ ಯಾರದು? ಸಂವಿಧಾನದ 47ನೇ ವಿಧಿ ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನು ರಾಜ್ಯದ ಕರ್ತವ್ಯವೆನ್ನುತ್ತದೆ. ಸಾರ್ವಜನಿಕ ಆರೋಗ್ಯದ ವಿಷಯವಿರುವುದು ರಾಜ್ಯಪಟ್ಟಿಯ 6ನೇ ನಮೂದಿನಲ್ಲಿ.